ತಂದೆಯ ಸಾಲ, ಮಗನ ಹೊಣೆ

ಪರವೂರಿಗೆ ಹೊರಟ ಬಂಧುವೊಬ್ಬರು ಒಂದಷ್ಟು ಹಣವನ್ನು ನಿಮ್ಮ ಕೈಗಿತ್ತು, ತಾವು ಮರಳುವವರೆಗೆ ಜೋಪಾನವಾಗಿಡಲು ಕೇಳಿಕೊಂಡರೆನ್ನಿ. ನೀವು ಅದನ್ನು ಕಪಾಟಿನಲ್ಲಿ ಭದ್ರವಾಗಿಯೇ ಇಟ್ಟಿರಿ. ಆದರೂ ಅದು ಕಳ್ಳರ ಪಾಲಾಯಿತು. ಅದನ್ನು ತುಂಬಿಕೊಡುವ ಹೊಣೆ ನಿಮ್ಮದೇ? ಅದು ಅಮಾನತ್ತಾಗಿದ್ದು, ನಿಮ್ಮಿಂದ ಅಲಕ್ಷ್ಯವೇನೂ ಆಗಿಲ್ಲವಾದರೆ ತುಂಬಿಕೊಡಬೇಕಾಗಿಲ್ಲ ಎಂಬುದು ಶರೀಅತ್ತಿನ ಸಾಮಾನ್ಯ ನಿಯಮ. ಆದರೆ ಅದೇ ಹಣವನ್ನು ಸಾಲವಾಗಿ ಪಡೆದಿದ್ದರೆ, ಕಳವಾಗಲಿ ಬೆಂಕಿ ಬೀಳಲಿ, ಮರಳಿಸಲೇಬೇಕು. ಇವೆರಡರಲ್ಲಿ ಹಗುರವಾದುದನ್ನು ಬಿಟ್ಟು ಭಾರವಾದುದನ್ನೇ ಆರಿಸಿಕೊಂಡ ಮಹನೀಯರೊಬ್ಬರಿದ್ದರು. ಅವರೇ ಹ. ಝುಬೈರ್ ಬಿನ್ ಅವ್ವಾಮ್(ರ).

ಅವರು ಪ್ರವಾದಿವರ್ಯರ(ಸ) ಸೋದರತ್ತೆ ಹ. ಸಫಿಯ್ಯಾರ(ರ) ಪುತ್ರ, ಹ. ಖದೀಜಾರ(ರ) ಸೋದರಳಿಯ, ಹ. ಅಬೂಬಕರ್‌ರ(ರ) ಪುತ್ರಿ ಹ. ಅಸ್ಮಾರ(ರ) ಪತಿ. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿ ಸಹಾಬಿಗಳಲ್ಲಿ ಒಬ್ಬರು. ಅವರು ರಾಜ್ಯಪಾಲರಾಗಿರಲಿಲ್ಲ, ಕಂದಾಯ ವಸೂಲಿಯ ಅಧಿಕಾರವನ್ನೂ ವಹಿಸಿಕೊಂಡಿರಲಿಲ್ಲ. ಆದರೂ ಜನರು ತಮ್ಮ ಹಣವನ್ನು ತಂದು ಅವರ ಬಳಿಯೇ ಇಡುತ್ತಿದ್ದರು. ಅವರು ಅದನ್ನು ಅಮಾನತ್ತಾಗಿ ಸ್ವೀಕರಿಸುತ್ತಿರಲಿಲ್ಲ. ಕಳೆದುಹೋದರೆ ನಂಬಿ ಕೊಟ್ಟವರಿಗೆ ನಷ್ಟವಾದೀತೆಂಬ ಅಳುಕಿನಿಂದ ಸಾಲವೆಂದೇ ಪಡೆಯುತ್ತಿದ್ದರು. ಸಾಲ ಬೆಳೆದದ್ದು ಹೀಗೆ, ದುಂದುವೆಚ್ಚದಿಂದಲ್ಲ.

ಹಿಜರಿ 36ರಲ್ಲಿ (ಕ್ರಿ.ಶ. 656) ಜಮಲ್ ಯುದ್ಧ ನಡೆಯಿತು. ಅಂದು ಅವರು ತಮ್ಮ ಮಗ ಅಬ್ದುಲ್ಲಾರನ್ನು(ರ) ಬಳಿಗೆ ಕರೆದರು. ತಾವಿನ್ನು ಬದುಕುಳಿಯಲಾರೆವೆಂದು ಅವರಿಗೆ ಅನಿಸಿತ್ತು. ಆ ಹೊತ್ತಿನಲ್ಲಿ ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದುದು ಸಾಲದ ಚಿಂತೆ. ಆಸ್ತಿಯನ್ನು ಮಾರಿ ಸಾಲ ತೀರಿಸಬೇಕೆಂದು ಆಜ್ಞಾಪಿಸಿದರು. ತೀರಿಸಲು ಕಷ್ಟವಾದರೆ ತಮ್ಮ ಮೌಲಾನ ನೆರವು ಕೇಳಬೇಕೆಂದೂ ಹೇಳಿದರು. ಆ ಮೌಲಾ ಯಾರೆಂದು ಮಗನಿಗೆ ಅರ್ಥವಾಗಲಿಲ್ಲ. ಕೇಳಿದಾಗ, ಅಲ್ಲಾಹನೇ ಎಂಬ ಉತ್ತರ ಬಂತು. ಬಳಿಕ ರಣರಂಗವನ್ನು ತೊರೆದು ಮರಳುತ್ತಿದ್ದಾಗ ಹ. ಝುಬೈರ್(ರ) ಹಂತಕನ ಕೈಗೆ ಸಿಕ್ಕಿ ಪ್ರಾಣತೆತ್ತರು.

ಲೆಕ್ಕ ಹಾಕಿದಾಗ ಸಾಲ 22 ಲಕ್ಷವಿತ್ತು. ಕೈಯಲ್ಲಿ ನಗದು ಏನೂ ಇರಲಿಲ್ಲ. ಇದ್ದದ್ದು ಜಮೀನು ಹಾಗೂ ಮನೆಗಳು: ಮದೀನಾದಲ್ಲಿ 11, ಬಸ್ರಾದಲ್ಲಿ 2, ಕೂಫಾ ಮತ್ತು ಈಜಿಪ್ಟ್‌ಗಳಲ್ಲಿ ಒಂದೊಂದು. ಹ. ಝುಬೈರ್‌ರ(ರ) ದಾಯಾದಿ ಸಹೋದರ ಹ. ಹಕೀಮ್ ಬಿನ್ ಹಿಝಾಮ್(ರ) ಬಂದು ಸಾಲವೆಷ್ಟೆಂದು ವಿಚಾರಿಸಿದರು. ಅಬ್ದುಲ್ಲಾ(ರ) ಮೊದಲು 1 ಲಕ್ಷವನ್ನಷ್ಟೇ ಹೇಳಿದರು. ಅದನ್ನು ಕೇಳಿಯೇ ಆ ಹಿರಿಯರು ಗಾಬರಿಗೊಂಡರು. 22 ಲಕ್ಷವೆಂದು ತಿಳಿದಾಗ, ಇದು ನಿಮ್ಮಿಂದಾಗದ ಮಾತು, ಸೋತರೆ ತನ್ನ ಬಳಿಗೆ ಬರಬೇಕೆಂದರು.

ಅಬ್ದುಲ್ಲಾ(ರ) ಎದೆಗುಂದಲಿಲ್ಲ. ಕಷ್ಟವೆದುರಾದಾಗಲೆಲ್ಲ ತಂದೆಯ ಮೌಲಾನಲ್ಲಿ ಮೊರೆಯಿಟ್ಟರು. ಮದೀನಾದ ಬಳಿಯ ಗಾಬಾ ಎಂಬ ಜಮೀನನ್ನು ತಂದೆ 1 ಲಕ್ಷ 70 ಸಾವಿರಕ್ಕೆ ಕೊಂಡಿದ್ದರು. ಅದಕ್ಕೆ 16 ಲಕ್ಷ ಬೆಲೆ ಬಂತು. ಸಾಲ ಬರಬೇಕಾದವರೆಲ್ಲ ಗಾಬಾಕ್ಕೆ ಬರಲಿ ಎಂದು ಸಾರಿದರು. ಬಂದವರಲ್ಲಿ ಹ. ಅಬ್ದುಲ್ಲಾ ಬಿನ್ ಜಾಫರ್(ರ) ಒಬ್ಬರು. ಅವರಿಗೆ 4 ಲಕ್ಷ ಬರಬೇಕಿತ್ತು. ಬೇಕಿದ್ದರೆ ಬಿಟ್ಟುಬಿಡುವುದಾಗಿ ಅವರು ಹೇಳಿದರು. ಮಗ ಒಪ್ಪಲಿಲ್ಲ. ಹಾಗಾದರೆ ಎಲ್ಲರ ಸಾಲ ತೀರಿದ ಮೇಲೆ ಕೊಟ್ಟರಾಯಿತೆಂದರು. ಅದಕ್ಕೂ ಮಗ ಒಪ್ಪಲಿಲ್ಲ. ಕೊನೆಗೆ ಗಾಬಾದಲ್ಲೇ ಅವರ ಪಾಲಿನ ಭೂಮಿಯನ್ನು ಅಳೆದುಕೊಟ್ಟರು. ಕೊಟ್ಟವರ ಔದಾರ್ಯವೂ ತೀರಿಸುವವರ ಸ್ವಾಭಿಮಾನವೂ ಎಷ್ಟು ಸೊಗಸಾಗಿ ಎದುರುಬದುರಾಗಿವೆ ನೋಡಿ!

ತಿಳಿದಿದ್ದ ಸಾಲವೆಲ್ಲ ತೀರಿತು. ವಾರೀಸುದಾರರು ತಮ್ಮ ಪಾಲು ಕೇಳಿದರು. ಅಬ್ದುಲ್ಲಾ(ರ) ಆಗಲೂ ಹಂಚಲಿಲ್ಲ. ನಾಲ್ಕು ವರ್ಷ ಪ್ರತಿ ಹಜ್ಜ್ ಸಮಯದಲ್ಲೂ, ಝುಬೈರ್‌ರಿಂದ(ರ) ಏನಾದರೂ ಬರಬೇಕಾದವರು ಬಂದು ಪಡೆಯಬಹುದೆಂದು ಘೋಷಿಸಿದರು. ದೂರದ ನಾಡುಗಳ ಜನರೂ ಅಲ್ಲಿಗೆ ಬರುತ್ತಾರಷ್ಟೆ? ಯಾರೂ ಉಳಿದಿಲ್ಲವೆಂದು ಖಚಿತವಾದ ಬಳಿಕವೇ ತಂದೆಯ ವಸಿಯ್ಯತ್ತನ್ನು ಜಾರಿಗೊಳಿಸಿ, ಉಳಿದುದನ್ನು ಹಂಚಿದರು.

ಈಗ ನಮ್ಮ ಮನೆಗಳತ್ತ ನೋಡೋಣ. ಅಣ್ಣ ತಮ್ಮನಿಗೆ, ಮಾವ ಅಳಿಯನಿಗೆ, ಗೆಳೆಯ ಗೆಳೆಯನಿಗೆ ಹಣ ಕೊಡುವುದುಂಟು. ಕೊಟ್ಟದ್ದು ಸಾಲವೋ, ಸಹಾಯವೋ, ವ್ಯಾಪಾರದ ಪಾಲೋ ಎಂದು ಬಾಯಿಬಿಟ್ಟು ಹೇಳಲು ಸಂಕೋಚ. ಬರೆದಿಡಿ ಎಂದರೆ ನಮ್ಮ ಮೇಲೆ ನಂಬಿಕೆಯಿಲ್ಲವೇ ಎಂಬ ಮುನಿಸು. ಆದರೆ ಸಾಲ ಚಿಕ್ಕದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆದಿಡಲು ಬೇಸರಿಸಬಾರದೆಂದು ಪವಿತ್ರ ಕುರ್‌ಆನ್ (2:282) ಬೋಧಿಸುತ್ತದೆ. ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬುದನ್ನೂ ಅದರ ಹಿಂದೆಯೇ (2:280) ತಿಳಿಸುತ್ತದೆ. ಬರೆದಿಡುವುದು ಅಪನಂಬಿಕೆಯಲ್ಲ. ಅದು ಸಂಬಂಧಕ್ಕೆ ಹಾಕುವ ಬೇಲಿ.

ಸಾಲಗಾರನಾಗಿ ಸತ್ತವನ ಜನಾಝಾ ನಮಾಝ್ ನಿರ್ವಹಿಸಲು, ಆ ಸಾಲದ ಹೊಣೆಯನ್ನು ಒಬ್ಬರು ಹೊರುವವರೆಗೆ ಪ್ರವಾದಿವರ್ಯರು(ಸ) ಹಿಂಜರಿದಿದ್ದರು ಎಂಬುದನ್ನು ಮರೆಯದಿರಿ. ಮರಣದ ನಂತರ ಆಸ್ತಿ ಹಂಚುವ ಮುನ್ನ ಸಾಲ ತೀರಬೇಕೆಂಬುದು ಕುರ್‌ಆನಿನ ವಿಧಿ (4:11). ನಮ್ಮಲ್ಲಿ ಎಷ್ಟೋ ಕಡೆ ಮೊದಲು ಪಾಲು, ಸಾಲದ ಮಾತು ಆಮೇಲೆ!

ಪ್ರಿಯ ಓದುಗರೇ, ನೀವು ಯಾರಿಗೆ ಎಷ್ಟು ಕೊಡಬೇಕೆಂಬುದು ನಿಮ್ಮ ಮಕ್ಕಳಿಗೆ ಗೊತ್ತಿದೆಯೇ? ಇಲ್ಲವಾದರೆ ಇಂದು ರಾತ್ರಿಯೇ ಒಂದು ಹಾಳೆಯಲ್ಲಿ ಬರೆದು, ಅದೆಲ್ಲಿದೆಯೆಂದು ಮನೆಯವರಿಗೆ ತಿಳಿಸಿ. ಹ. ಝುಬೈರ್(ರ) ಮಗನಿಗೆ ಸಾಲದ ಲೆಕ್ಕವನ್ನಷ್ಟೇ ಬಿಟ್ಟುಹೋಗಲಿಲ್ಲ, ಅದನ್ನು ತೀರಿಸುವ ಮನಸ್ಸನ್ನೂ ಬಿಟ್ಟುಹೋದರು. ಅಂತಹ ಮನಸ್ಸನ್ನು ಅಲ್ಲಾಹನು ನಮ್ಮ ಮಕ್ಕಳಿಗೂ ಕರುಣಿಸಲಿ.