ಲಿಯೊ ಫೆಂಡರ್: ಪೆಟ್ಟಿಗೆಯೊಳಗಿನ ನಾದ

ವಿದ್ಯುತ್ ಗಿಟಾರಿನ ಚರಿತ್ರೆಯಲ್ಲಿ ನುಡಿಸಿದವರ ಹೆಸರುಗಳೇ ಹೆಚ್ಚಾಗಿ ಕೇಳಿಬರುತ್ತವೆ. ಆದರೆ ಆ ಚರಿತ್ರೆಯನ್ನು ಬಹುಮಟ್ಟಿಗೆ ರೂಪಿಸಿದವನು ಗಿಟಾರನ್ನು ನುಡಿಸಲರಿಯದವನು. ತಂತಿಗಳನ್ನು ಶ್ರುತಿಮಾಡುವುದನ್ನೂ ಕಲಿತವನಲ್ಲ. ಅಮೆರಿಕದ ಕ್ಯಾಲಿಫೋರ್ನಿಯದ ಲಿಯೊ ಫೆಂಡರನನ್ನು ಟೆಲಿಕಾಸ್ಟರ್, ಸ್ಟ್ರಾಟೊಕಾಸ್ಟರ್ ಎಂಬ ಎರಡು ಗಿಟಾರುಗಳಿಂದ ಲೋಕವು ಬಲ್ಲದು. ನನ್ನ ಆಸಕ್ತಿ ಆತನು ಮಾಡಿದ ಧ್ವನಿವರ್ಧಕ ಪೆಟ್ಟಿಗೆಗಳಲ್ಲಿ. ಫೆಂಡರನ ಗಿಟಾರಿನ ಗಟ್ಟಿ ಮರಕ್ಕೆ ವೀಣೆಯ ಕೊಡದಂತಹ ಟೊಳ್ಳಿಲ್ಲ. ತಾನಾಗಿ ಅದು ಹೆಚ್ಚುಕಡಮೆ ಮೂಕವಾದ್ಯ. ತಂತಿಯ ಕಂಪನವನ್ನು ಆಯಸ್ಕಾಂತವೂ ತಾಮ್ರದ ಸುರುಳಿಯೂ ಕೂಡಿ ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಆ ವಿದ್ಯುತ್ತು ಮರಳಿ ನಾದವಾಗಬೇಕಾದರೆ ಪೆಟ್ಟಿಗೆಯ ಮೊರೆಹೋಗಲೇಬೇಕು.

ಫೆಂಡರನು ಹುಟ್ಟಿದ್ದು 1909ರ ಆಗಸ್ಟ್ 10ರಂದು. ಆನಹೈಮ್ ಮತ್ತು ಫುಲರ್ಟನ್ ಪಟ್ಟಣಗಳ ನಡುವೆ ತಂದೆತಾಯಿಗಳಿಗೆ ಕಿತ್ತಳೆಯ ತೋಟವಿತ್ತು. ಎಂಟನೆಯ ವಯಸ್ಸಿನಲ್ಲಿ ಎಡಗಣ್ಣಿನಲ್ಲಿ ಗಡ್ಡೆ ಕಾಣಿಸಿಕೊಂಡು ಆ ಕಣ್ಣನ್ನೇ ತೆಗೆಯಬೇಕಾಯಿತು. ಅಲ್ಲಿಂದ ಮುಂದೆ ಗಾಜಿನ ಕಣ್ಣು. ಎರಡನೆಯ ಮಹಾಯುದ್ಧದಲ್ಲಿ ಆತನನ್ನು ಸೈನ್ಯಕ್ಕೆ ಸೇರಿಸಿಕೊಳ್ಳದೆ ಹೋದದ್ದು ಇದೇ ಕಾರಣದಿಂದ. ಹದಿಮೂರರ ಹುಡುಗನಾಗಿದ್ದಾಗ, ಮೋಟಾರು ವಾಹನಗಳ ವಿದ್ಯುತ್ ಕೆಲಸದ ಅಂಗಡಿಯಿಟ್ಟಿದ್ದ ಹತ್ತಿರದ ಬಂಧುವೊಬ್ಬನು ಬೇಡವಾದ ರೇಡಿಯೊ ಭಾಗಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಿಕೊಟ್ಟ. ಮರುವರ್ಷ ಆ ಬಂಧುವಿನ ಅಂಗಡಿಗೆ ಹೋದಾಗ, ಹಳೆಯ ಭಾಗಗಳಿಂದಲೇ ಕಟ್ಟಿದ ರೇಡಿಯೊ ಒಂದನ್ನು ಮುಂಬಾಗಿಲಲ್ಲಿ ಇಟ್ಟಿದ್ದುದನ್ನು ಕಂಡ. ಅದರ ಸ್ಪೀಕರಿನಿಂದ ಗಟ್ಟಿಯಾಗಿ ಹೊರಟ ಸಂಗೀತವು ತನ್ನ ಮನಸ್ಸಿನಿಂದ ಎಂದೂ ಮಾಸಲಿಲ್ಲವೆಂದು ಆತನು ಮುಂದೆ ನೆನೆಯುತ್ತಿದ್ದ. ಇತರರು ರಾಗಕ್ಕೆ ಮನಸೋತರೆ ಈತನು ಸ್ಪೀಕರಿಗೆ ಮನಸೋತನೆನ್ನಬಹುದು.

ಕಾಲೇಜಿನಲ್ಲಿ ಓದಿದ್ದು ಲೆಕ್ಕಶಾಸ್ತ್ರ, ಮಾಡಿದ್ದು ಗುಮಾಸ್ತಗಿರಿ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಆ ಕೆಲಸವೂ ಹೋಯಿತು. 1938ರಲ್ಲಿ 600 ಡಾಲರು ಸಾಲಮಾಡಿ ಫುಲರ್ಟನ್ನಿನಲ್ಲಿ ರೇಡಿಯೊ ದುರಸ್ತಿಯ ಅಂಗಡಿ ತೆರೆದ. ಊರೂರು ತಿರುಗುವ ವಾದ್ಯಗಾರರು ಕೆಟ್ಟ ಧ್ವನಿವರ್ಧಕಗಳನ್ನು ಅಲ್ಲಿಗೆ ತರುತ್ತಿದ್ದರು. ಯಾವ ಕೊಂಡಿ ಸಡಿಲವಾಗುತ್ತದೆ, ಯಾವ ವಾಲ್ವು ಬೇಗ ಸುಡುತ್ತದೆ ಎಂಬುದನ್ನು ಆತನಿಗೆ ಕಲಿಸಿದ್ದು ಈ ದುರಸ್ತಿಯೇ. 1945ರಲ್ಲಿ ಡಾಕ್ ಕಾಫ್ಮನ್ ಎಂಬ ಗೆಳೆಯನೊಡನೆ ಮಡಿಲಲ್ಲಿಟ್ಟು ನುಡಿಸುವ ಹವಾಯಿಯನ್ ಗಿಟಾರುಗಳನ್ನೂ ಪುಟ್ಟ ಧ್ವನಿವರ್ಧಕಗಳನ್ನೂ ಮಾಡತೊಡಗಿದ. ಮರುವರ್ಷ ಗೆಳೆಯನು ಹಿಂಜರಿದು ಹೊರಬಂದ. ಫೆಂಡರನು ಸ್ವಂತ ಕಂಪೆನಿಯನ್ನು ನಡೆಸಿದ. ಗಟ್ಟಿ ಮರದ ಗಿಟಾರು 1950ರಲ್ಲಿ, ವಿದ್ಯುತ್ ಬೇಸ್ 1951ರಲ್ಲಿ, ಸ್ಟ್ರಾಟೊಕಾಸ್ಟರ್ 1954ರಲ್ಲಿ ಹೊರಬಂದುವು.

ಇನ್ನು ಪೆಟ್ಟಿಗೆಯ ವಿಚಾರ. ಬೇಸ್ ವಾದ್ಯಕ್ಕೆಂದು ಆತನು ಮಾಡಿದ ಬೇಸ್‌ಮನ್ ಎಂಬ ಧ್ವನಿವರ್ಧಕವು ಕೆಲವು ವರ್ಷಗಳಲ್ಲಿ, ಹತ್ತಂಗುಲದ ನಾಲ್ಕು ಸ್ಪೀಕರುಗಳನ್ನುಳ್ಳ, ಬೆನ್ನು ತೆರೆದ ಪೆಟ್ಟಿಗೆಯಾಗಿ ಬೆಳೆಯಿತು. ಅದರಿಂದ ಫೆಂಡರನು ಬಯಸಿದ್ದು ನಿರ್ಮಲವಾದ ಧ್ವನಿಯನ್ನು. ಆದರೆ ಗಿಟಾರಿನವರು ಅದನ್ನು ತಮ್ಮದಾಗಿಸಿಕೊಂಡು, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ವಾಲ್ವುಗಳು ಶಕ್ತಿಮೀರಿ ದುಡಿದು ನಾದವು ಒಡೆಯಿತು. ಒಡೆದ ನಾದವೇ ಅವರಿಗೆ ಇಂಪಾಯಿತು! ತಯಾರಕನು ದೋಷವೆಂದು ಬಗೆದುದನ್ನು ವಾದಕರು ಗುಣವೆಂದು ಎತ್ತಿಕೊಂಡರು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲನ ಅಂಗಡಿಯವರು ಇದೇ ಬೇಸ್‌ಮನ್ನನ್ನು ಮಾದರಿಯಾಗಿಟ್ಟುಕೊಂಡು ತಮ್ಮ ಮೊದಲ ಧ್ವನಿವರ್ಧಕವನ್ನು ಮಾಡಿದರು. ಅದಕ್ಕೆ ಹನ್ನೆರಡಂಗುಲದ ನಾಲ್ಕು ಸ್ಪೀಕರುಗಳ, ಬೆನ್ನು ಮುಚ್ಚಿದ ಪೆಟ್ಟಿಗೆ ಜೊತೆಯಾಯಿತು. ಫೆಂಡರನು ಮಾತ್ರ ನಿರ್ಮಲತೆಯನ್ನೇ ಅರಸುತ್ತಿದ್ದ. ಡಿಕ್ ಡೇಲ್ ಎಂಬ ಯುವಕನು ಕಡಲತೀರದ ನೃತ್ಯಶಾಲೆಯಲ್ಲಿ ಅಬ್ಬರದಿಂದ ನುಡಿಸಿ, ಕೊಟ್ಟ ಸ್ಪೀಕರುಗಳನ್ನೆಲ್ಲ ಒಂದೊಂದಾಗಿ ಹರಿದುಹಾಕಿದಾಗ, ಫೆಂಡರನು ಸಿಟ್ಟಾಗದೆ ಇನ್ನೂ ಬಲವಾದ ಟ್ರಾನ್ಸ್‌ಫಾರ್ಮರನ್ನು ಕಟ್ಟಿ, ಹದಿನೈದು ಅಂಗುಲದ ಗಟ್ಟಿ ಸ್ಪೀಕರನ್ನು ಹೊಂದಿಸಿಕೊಟ್ಟ.

ಗಿಟಾರಿನ ಸ್ಪೀಕರು ಪ್ರಾಮಾಣಿಕ ಸಾಕ್ಷಿಯಲ್ಲ. ಸೆಕೆಂಡಿಗೆ ಸುಮಾರು 5,000 ಕಂಪನಗಳನ್ನು ಮೀರಿದ ನಾದವನ್ನು ಅದರ ಕಾಗದದ ಶಂಕು ಬಹುಪಾಲು ನುಂಗಿಬಿಡುತ್ತದೆ. ಈ ನುಂಗುವಿಕೆ ಇಲ್ಲದೆ, ಒಡೆದ ನಾದವನ್ನು ನೇರವಾಗಿ ಧ್ವನಿಮುದ್ರಣ ಯಂತ್ರಕ್ಕೆ ಹರಿಸಿದರೆ ಕೇಳುವುದು ಕಿವಿಯನ್ನು ಗೀಚುವ ಕರ್ಕಶ ಸದ್ದು. ಇದನ್ನು ನಾನು ಸ್ವಾನುಭವದಿಂದ ಬಲ್ಲೆ. ನಾನಿರುವುದು ಬಹುಮಹಡಿಯ ಕಟ್ಟಡದಲ್ಲಿ. ನನ್ನ ಬಿಡುವು ರಾತ್ರಿ ಹತ್ತರ ಮೇಲೆ. ಗೋಡೆಯಾಚೆ ನೆರೆಯವರ ಹಸುಗೂಸು. ಆದುದರಿಂದ ಸ್ಪೀಕರಿನ ಸ್ಥಾನದಲ್ಲಿ ವಿದ್ಯುತ್ ಭಾರವೊಂದನ್ನು ಜೋಡಿಸುತ್ತೇನೆ. ವಾಲ್ವಿನ ಧ್ವನಿವರ್ಧಕವನ್ನು ಯಾವ ಭಾರವೂ ಇಲ್ಲದೆ ನಡೆಸಿದರೆ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ಅಲ್ಲಿಂದ ಬಂದ ಸಂಕೇತವು ಗಣಕಕ್ಕೆ ಹೋಗಿ, ಪೆಟ್ಟಿಗೆಯ ಅನುಕರಣೆಯ ಮೂಲಕ ಹಾದು, ನನ್ನ ಕಿವಿಗೆ ಮಾತ್ರ ಕೇಳುತ್ತದೆ. ಅನುಕರಣೆಯ ಕ್ರಮವೂ ಸ್ವಾರಸ್ಯವಾದುದು. ನಿಜವಾದ ಪೆಟ್ಟಿಗೆಯ ಮುಂದೆ ಮೈಕ್ರೊಫೋನನ್ನಿಟ್ಟು, ಮಂದ್ರದಿಂದ ಅತಿತಾರದವರೆಗೆ ಏರುವ ಒಂದೇ ಸ್ವರವನ್ನು ಅದರಲ್ಲಿ ಹರಿಸುತ್ತಾರೆ. ಪೆಟ್ಟಿಗೆಯು ಯಾವುದನ್ನು ನುಂಗಿತು, ಯಾವುದನ್ನು ಉಬ್ಬಿಸಿತು ಎಂಬ ಲೆಕ್ಕವನ್ನು ಸೆಕೆಂಡಿನ ಸಣ್ಣದೊಂದು ಭಾಗದಷ್ಟು ಉದ್ದದ ಧ್ವನಿಮುದ್ರೆಯಾಗಿ ಇಳಿಸಿಕೊಳ್ಳುತ್ತಾರೆ. ಅದರ ನೆರವಿನಿಂದ ಯಾರ ಗಿಟಾರನ್ನಾದರೂ ಆ ಪೆಟ್ಟಿಗೆಯೊಳಗೆ ಕೂರಿಸಬಹುದು. ಹೀಗೆ ಅಳೆದಿಟ್ಟ ಪೆಟ್ಟಿಗೆಗಳಲ್ಲಿ ಬೇಸ್‌ಮನ್ನೂ ಒಂದು. ಫೆಂಡರನು ಕಳೆಯಬೇಕೆಂದಿದ್ದ ಕುಂದುಗಳನ್ನು ಇಂದಿನ ತಜ್ಞರು ಒಂದನ್ನೂ ಬಿಡದೆ ಎಣಿಸಿ ಕಾಪಾಡುತ್ತಿದ್ದಾರೆ.

ಇದನ್ನು ನಕಲೆಂದು ಹಳಿಯುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಧ್ವನಿಮುದ್ರಿಕೆಯಲ್ಲಿ ಕೇಳುವವನಿಗೆ ವ್ಯತ್ಯಾಸವು ಬಹಳ ಅಲ್ಪ. ನಷ್ಟವಾಗುವುದು ನುಡಿಸುವವನಿಗೆ. ಸ್ಪೀಕರು ಗಾಳಿಯನ್ನು ನೂಕುತ್ತದೆ. ಆ ಗಾಳಿ ಹಿಂದಿರುಗಿ ತಂತಿಯನ್ನೇ ನಡುಗಿಸುತ್ತದೆ. ಮೀಟಿ ಬಿಟ್ಟ ಸ್ವರವು ಆರದೆ ಇನ್ನೊಮ್ಮೆ ಹೊತ್ತಿಕೊಳ್ಳುತ್ತದೆ. ಕಿವಿಗೆ ಕಟ್ಟಿಕೊಂಡ ಯಂತ್ರದಲ್ಲಿ ಈ ಮರುಮಾತಿಲ್ಲ. ನನ್ನ ಸ್ವರ ಹೋಗುತ್ತದೆ, ಮರಳಿ ಬಂದು ನನ್ನನ್ನು ಮುಟ್ಟುವುದಿಲ್ಲ.

ಫೆಂಡರನ ಕಡೆಯ ವರ್ಷಗಳ ಕಥೆ ವಿಚಿತ್ರವಾದುದು. ಬಹುಕಾಲ ಕಾಡಿದ ಸೋಂಕಿನಿಂದ ಬಳಲಿ, ತಾನಿನ್ನು ಹೆಚ್ಚು ದಿನ ಬದುಕುವುದಿಲ್ಲವೆಂದು ನಂಬಿ, 1965ರಲ್ಲಿ ಕಂಪೆನಿಯನ್ನು ಸಿಬಿಎಸ್ ಸಂಸ್ಥೆಗೆ 130 ಲಕ್ಷ ಡಾಲರಿಗೆ ಮಾರಿಬಿಟ್ಟ. ಕೆಲವೇ ವರ್ಷಗಳಲ್ಲಿ ಬೇರೊಬ್ಬ ವೈದ್ಯನ ಚಿಕಿತ್ಸೆಯಿಂದ ರೋಗವು ವಾಸಿಯಾಯಿತು! ಹೆಸರು ಪರರ ಪಾಲಾಗಿತ್ತು. ಕೈ ಮಾತ್ರ ಸುಮ್ಮನಿರಲಿಲ್ಲ. ಮ್ಯೂಸಿಕ್ ಮ್ಯಾನ್ ಸಂಸ್ಥೆಗಾಗಿ ಗಿಟಾರುಗಳನ್ನು ಮಾಡಿದ. ಆಮೇಲೆ ಹಳೆಯ ಜೊತೆಗಾರ ಜಾರ್ಜ್ ಫುಲರ್ಟನನೊಡನೆ ಜಿ ಅಂಡ್ ಎಲ್ ಎಂಬ ಸಂಸ್ಥೆಯನ್ನು ಕಟ್ಟಿದ. ಪಾರ್ಕಿನ್ಸನ್ ರೋಗವು ಕೈಗಳನ್ನು ನಡುಗಿಸುತ್ತಿದ್ದಾಗಲೂ ತನ್ನ ಮೇಜಿಗೆ ಬಂದು ಕೂರುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ತೀರಿಕೊಂಡ. ಅಷ್ಟು ಹೊತ್ತಿಗೆ ಆತನ ಹಳೆಯ ಪೆಟ್ಟಿಗೆಗಳನ್ನು ಜನರು ಹುಡುಕಿ ಹುಡುಕಿ ಕೊಳ್ಳತೊಡಗಿದ್ದರು.