ಬಲಮುರಿ, ಎಡಮುರಿ: ಜೂಲಿಯೊ ನಟ್ಟಾ

ನಾನು ಈ ಶಾಲೆಗೆ ಬರುತ್ತಿದ್ದಾಗ ಮಳೆಗಾಲದಲ್ಲಿ ಗೊಬ್ಬರದ ಖಾಲಿ ಚೀಲವೇ ನಮಗೆ ಕೊಪ್ಪೆ. ಆ ಚೀಲ, ದನ ಕಟ್ಟುವ ಪ್ಲಾಸ್ಟಿಕ್ ಹಗ್ಗ, ಮದುವೆ ಮನೆಯ ಕುರ್ಚಿ, ಇವುಗಳಲ್ಲಿ ಎಷ್ಟೋ ಪಾಲಿಪ್ರೊಪಿಲೀನ್ ಎಂಬ ಒಂದೇ ವಸ್ತುವಿನಿಂದ ಆದವು ಎಂದು ತಿಳಿದದ್ದು ಬಿಇ ಓದುವಾಗ. ಆ ವಸ್ತುವಿನ ಒಳಗಿನ ಕ್ರಮವನ್ನು ಬಿಡಿಸಿ ತೋರಿಸಿದವರು ಇಟಲಿಯ ಜೂಲಿಯೊ ನಟ್ಟಾ. ಸುವರ್ಣ ಸಂಚಿಕೆಯ ಓದುಗರಿಗೆ ಅವರ ಪರಿಚಯ ಮಾಡಿಕೊಡುವುದು ನನ್ನ ಆಸೆ.

ನಟ್ಟಾ ಹುಟ್ಟಿದ್ದು 1903ರ ಫೆಬ್ರವರಿ 26ರಂದು, ಕಡಲತೀರದ ಇಂಪೀರಿಯಾದಲ್ಲಿ. ಮೊದಲು ಜಿನೋವಾದಲ್ಲಿ ಗಣಿತ ಓದಲು ಸೇರಿದರು. ಆಮೇಲೆ ಮಿಲಾನ್ ಪಾಲಿಟೆಕ್ನಿಕ್‌ಗೆ ಬಂದು 21ನೇ ವಯಸ್ಸಿಗೇ ಕೆಮಿಕಲ್ ಎಂಜಿನಿಯರ್ ಆದರು. 1932ರಲ್ಲಿ ಜರ್ಮನಿಯ ಫ್ರೈಬರ್ಗ್‌ಗೆ ಹೋದಾಗ, ಉದ್ದುದ್ದ ಸರಪಳಿಯಂಥ ಅಣುಗಳಿವೆ ಎಂದು ವಾದಿಸುತ್ತಿದ್ದ ಸ್ಟೌಡಿಂಗರ್ ಅವರ ಪರಿಚಯವಾಯಿತು. 1938ರಲ್ಲಿ ಮಿಲಾನ್‌ಗೆ ಪ್ರಾಧ್ಯಾಪಕರಾಗಿ ಮರಳಿದರು. ಆದರೆ ಆ ಹುದ್ದೆ ಖಾಲಿಯಾದದ್ದು, ಯಹೂದಿ ಎಂಬ ಒಂದೇ ಕಾರಣಕ್ಕೆ ಮುಸೊಲಿನಿಯ ಸರ್ಕಾರ ಮಾರಿಯೊ ಲೆವಿ ಎಂಬ ಪ್ರಾಧ್ಯಾಪಕರನ್ನು ಹೊರಹಾಕಿದ್ದರಿಂದ. ಇದನ್ನು ಮರೆಯಬಾರದು.

1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಎಥಿಲೀನ್ ಅನಿಲವನ್ನು ಗಟ್ಟಿ ಪ್ಲಾಸ್ಟಿಕ್ ಮಾಡುವ ಹೊಸ ಕ್ರಿಯಾವರ್ಧಕ ಕಂಡುಹಿಡಿದರು. ನಟ್ಟಾ ಅದನ್ನು ಪ್ರೊಪಿಲೀನ್ ಅನಿಲದ ಮೇಲೆ ಪ್ರಯೋಗಿಸಿದರು. 1954ರ ಮಾರ್ಚ್ 11ರಂದು, ಪಾಲಿಪ್ರೊಪಿಲೀನ್ ಆಯಿತೆಂದು ಅವರ ದಿನಚರಿಯಲ್ಲಿ ದಾಖಲಾಯಿತು.

ಸಿಕ್ಕಿದ್ದರಲ್ಲಿ ಒಂದು ಭಾಗ ಮೆತ್ತಗೆ, ಅಂಟಂಟು. ಇನ್ನೊಂದು ಭಾಗ ಗಟ್ಟಿ. ಎರಡರಲ್ಲೂ ಇರುವುದು ಅದೇ ಇಂಗಾಲ, ಅದೇ ಹೈಡ್ರೋಜನ್, ಅದೇ ಲೆಕ್ಕ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ನಟ್ಟಾ ಮತ್ತು ಅವರ ಶಿಷ್ಯ ಕೊರಾಡಿನಿ ಎಕ್ಸ್-ರೇ ಹಾಯಿಸಿ ನೋಡಿದರು. ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಪುಟ್ಟ ಕವಲು ಇರುತ್ತದೆ. ಕವಲುಗಳು ಅತ್ತಿತ್ತ ಚೆದುರಿದ್ದರೆ ವಸ್ತು ಮೆತ್ತಗೆ. ಎಲ್ಲವೂ ಒಂದೇ ಬದಿಗಿದ್ದರೆ ಗಟ್ಟಿ. ಒಂದೇ ಬದಿಯ ಕವಲುಗಳಿಗೆ ಜಾಗ ಸಾಲದೆ ಸರಪಳಿ ತಿರುಚಿಕೊಂಡು ಸುರುಳಿಯಾಗುತ್ತದೆ. ಮೂರು ಘಟಕಕ್ಕೆ ಒಂದು ಸುತ್ತು. ಈ ಸಮಾನ ಜೋಡಣೆಗೆ ಗ್ರೀಕ್ ಮೂಲದ ಐಸೊಟ್ಯಾಕ್ಟಿಕ್ ಎಂಬ ಹೆಸರು ಸೂಚಿಸಿದವರು ಸಾಹಿತ್ಯ ಓದಿದ್ದ ಅವರ ಪತ್ನಿ ರೊಸಿಟಾ.

ಸುರುಳಿ ಶಂಖದಂತೆ ಬಲಮುರಿಯೂ ಆಗಬಹುದು, ಎಡಮುರಿಯೂ ಆಗಬಹುದು. ಹೊಸೆದ ಹಗ್ಗವನ್ನು ತಲೆಕೆಳಗು ಹಿಡಿದರೂ ಅದರ ಮುರಿ ಬದಲಾಗದು. ಬಿಚ್ಚಿ ಮತ್ತೆ ಹೊಸೆಯಬೇಕು. ಪಾಲಿಪ್ರೊಪಿಲೀನ್ ಕರಗಿದಾಗ ಆಗುವುದೂ ಅದೇ. ಸುರುಳಿಗಳು ಬಿಚ್ಚಿಕೊಂಡು ಎಡಕ್ಕೋ ಬಲಕ್ಕೋ ತಿರುಚಿಕೊಳ್ಳುತ್ತವೆ. ಎರಡಕ್ಕೂ ಬೇಕಾದ ಶಕ್ತಿ ಒಂದೇ ಆದ್ದರಿಂದ, ಆರಿ ಗಟ್ಟಿಯಾದಾಗ ಅದರ ಸಾಮಾನ್ಯ ಹರಳಿನಲ್ಲಿ ಬಲಮುರಿ, ಎಡಮುರಿ ಸಮಸಮ ಇರುತ್ತವೆ. ಮುಂದೆ ನಟ್ಟಾ ಅವರ ಒಡನಾಡಿ ಪಿಯೆರೊ ಪಿನೊ, ಎಡ–ಬಲ ಭೇದವಿರುವ ಕವಲು ಜೋಡಿಸಿದರೆ ಸರಪಳಿ ಒಂದೇ ಕಡೆಗೆ ಒಲಿಯುತ್ತದೆ ಎಂದು ತೋರಿಸಿದರು. ಇಂದು ಬಿಸಿಯಿಂದ ಅಥವಾ ಬೆಳಕಿನಿಂದ ಮುರಿ ಬದಲಿಸುವ ಪಾಲಿಮರ್‌ಗಳೂ ಇವೆ.

1956ರಲ್ಲಿ ನಟ್ಟಾ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಗೊತ್ತಾಯಿತು. ಮರುವರ್ಷವೇ ಫೆರಾರಾದಲ್ಲಿ ಕಾರ್ಖಾನೆ ಶುರುವಾಗಿ ಅವರ ವಸ್ತು ಮನೆಮನೆಗೆ ಹೊರಟಿತು. ಅವರ ದೇಹ ಮಾತ್ರ ಹಿಡಿತ ತಪ್ಪುತ್ತಿತ್ತು. ಆದರೂ ಅವರು ಪ್ರಯೋಗಾಲಯ ಬಿಡಲಿಲ್ಲ. 1963ರಲ್ಲಿ ಝೀಗ್ಲರ್ ಜೊತೆ ನೊಬೆಲ್ ಬಂದಾಗ ಸ್ಟಾಕ್‌ಹೋಮಿನಲ್ಲಿ ಭಾಷಣ ಒಪ್ಪಿಸಲು ಮಗ ಮತ್ತು ಸಹೋದ್ಯೋಗಿಗಳು ನೆರವಾಗಬೇಕಾಯಿತು. 1968ರಲ್ಲಿ ರೊಸಿಟಾ ತೀರಿಕೊಂಡರು. 1979ರ ಮೇ 2ರಂದು ಬೆರ್ಗಾಮೊದಲ್ಲಿ ನಟ್ಟಾ ಕೊನೆಯುಸಿರೆಳೆದರು.

ಊರಿಗೆ ಬಂದಾಗ ಹೊಲದ ಬದುವಿನಲ್ಲಿ ಹಳೇ ಗೊಬ್ಬರದ ಚೀಲ ಮಣ್ಣಾಗದೆ ಬಿದ್ದಿರುವುದನ್ನು ನೋಡುತ್ತೇನೆ. ಗಟ್ಟಿ ಮಾಡುವ ವಿದ್ಯೆಯನ್ನು ನಟ್ಟಾ ಕಲಿಸಿಹೋದರು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚುವ ವಿದ್ಯೆ ಬಾಕಿ ಇದೆ. ನಾವು ಕೂತಿದ್ದ ಬೆಂಚುಗಳಲ್ಲಿ ಈಗ ಕೂತಿರುವ ಮಕ್ಕಳಲ್ಲಿ ಒಬ್ಬರಾದರೂ ಅದನ್ನು ಕೈಗೆತ್ತಿಕೊಳ್ಳಲಿ.