ಹಗ್ಗ ಹಿಡಿದು ಇಳಿದ ಪ್ರೊಫೆಸರ್, ಮನೆ ಹೊತ್ತ ಯೋಹಾನ್ನಾ

1850ರ ನವೆಂಬರ್ 6ರ ರಾತ್ರಿ. ಬರ್ಲಿನ್ ಪಕ್ಕದ ಸ್ಪಾಂಡೌ ಜೈಲಿನ ಸೂರಿನ ಕಿಟಕಿಯಿಂದ ಒಬ್ಬ ಕೈದಿ ಹಗ್ಗ ಹಿಡಿದು ಇಳಿಯುತ್ತಿದ್ದ. ಹೆಂಚಿನ ಚೂರು ಉದುರುವ ಸದ್ದು ಕಾವಲಿನವರಿಗೆ ಕೇಳಬಾರದು ಅಂತ ಗೆಳೆಯರು ಬೀದಿಯಲ್ಲಿ ಬೇಕಂತಲೇ ಗಡಗಡ ಕುದುರೆಗಾಡಿ ಓಡಿಸಿದರು. ಕೈದಿಯ ಹೆಸರು ಗಾಟ್‌ಫ್ರೀಡ್ ಕಿಂಕೆಲ್. ಬಾನ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸದ ಪ್ರೊಫೆಸರ್ ಆಗಿದ್ದವನು. ಶಿಕ್ಷೆ ಜೀವಾವಧಿ.

ಹಳೇ ಚರ್ಚು, ಗೋಡೆಚಿತ್ರ, ಶಿಲ್ಪ ಅಂತ ಪಾಠ ಮಾಡುವ ಮೇಷ್ಟ್ರಿಂದ ಸರ್ಕಾರಕ್ಕೆ ಏನು ತೊಂದರೆ? ಈ ಪ್ರಶ್ನೆ ಇಟ್ಟುಕೊಂಡೇ ನಾನು ಕಿಂಕೆಲ್ ಬಗ್ಗೆ ಓದೋಕೆ ಶುರು ಮಾಡಿದ್ದು. ಓದುತ್ತಾ ಹೋದಂತೆ ನನ್ನ ಗಮನ ಅವನಿಗಿಂತ ಹೆಚ್ಚಾಗಿ ಅವನ ಹೆಂಡತಿ ಯೋಹಾನ್ನಾ ಮೇಲೆ ನಿಂತಿತು.

ಕಿಂಕೆಲ್ ಹುಟ್ಟಿದ್ದು 1815ರಲ್ಲಿ, ಬಾನ್ ಹತ್ತಿರದ ಓಬರ್‌ಕಾಸೆಲ್‌ನಲ್ಲಿ. ಅಪ್ಪ ಪ್ರೊಟೆಸ್ಟಂಟ್ ಪಾದ್ರಿ. ಮಗನೂ ಅದೇ ಹಾದಿ ಹಿಡಿದು ದೇವತಾಶಾಸ್ತ್ರ ಓದಿದ, ಬಾನ್‌ನಲ್ಲಿ ಚರ್ಚಿನ ಇತಿಹಾಸ ಪಾಠ ಮಾಡಿದ. ಆಗ ಯೋಹಾನ್ನಾ ಸಿಕ್ಕಳು. ಅವನಿಗಿಂತ ಐದು ವರ್ಷ ದೊಡ್ಡವಳು, ಕ್ಯಾಥೊಲಿಕ್, ಮೊದಲ ಗಂಡನನ್ನು ಬಿಟ್ಟು ಬಂದವಳು. ಮೆಂಡೆಲ್‌ಸನ್ ಕೇಳಿ ಮೆಚ್ಚಿದ ಪಿಯಾನೊ ವಾದಕಿ, ಸಂಗೀತ ರಚನೆಕಾರ್ತಿ. 1840ರಲ್ಲಿ ಇಬ್ಬರೂ ಸೇರಿ ಒಂದು ಸಾಹಿತ್ಯ ಕೂಟ ಕಟ್ಟಿದರು. ಮುಂದೆ ಇಟಲಿಯ ಪುನರುಜ್ಜೀವನದ ಇತಿಹಾಸಕಾರನಾಗಿ ಜಗತ್ಪ್ರಸಿದ್ಧನಾದ ಯಾಕೋಬ್ ಬುರ್ಕ್‌ಹಾರ್ಟ್ ಕೂಡ ವಿದ್ಯಾರ್ಥಿಯಾಗಿದ್ದಾಗ ಅದರಲ್ಲಿದ್ದ.

1843ರಲ್ಲಿ ಮದುವೆ ಆಯ್ತು. ಆಕೆ ಪ್ರೊಟೆಸ್ಟಂಟ್ ಆದರೂ ಊರಿನ ಗುಸುಗುಸು ನಿಲ್ಲಲಿಲ್ಲ. ವಿಚ್ಛೇದಿತೆಯನ್ನು ಕಟ್ಟಿಕೊಂಡವನಿಗೆ ದೇವತಾಶಾಸ್ತ್ರ ವಿಭಾಗದಲ್ಲಿ ಜಾಗ ಉಳಿಯಲಿಲ್ಲ. ಇಟಲಿ ಪ್ರವಾಸದಲ್ಲೇ ಹಿಡಿದಿದ್ದ ಕಲೆಯ ಹುಚ್ಚು ಈಗ ಅನ್ನದ ದಾರಿಯಾಯಿತು. 1845ರಲ್ಲಿ ಕ್ರೈಸ್ತ ಜನಾಂಗಗಳ ಕಲೆಯ ಇತಿಹಾಸ ಬರೆದ, ಮರುವರ್ಷ ಪ್ರೊಫೆಸರ್ ಆದ. ಯಾರನ್ನು ಮದುವೆಯಾಗಬೇಕು ಅನ್ನೋದರಲ್ಲಿ ಸಮಾಜ ಮೂಗು ತೂರಿಸದೇ ಇದ್ದಿದ್ದರೆ ಈತ ಬಹುಶಃ ಪಾದ್ರಿಯಾಗಿಯೇ ಮುದುಕನಾಗುತ್ತಿದ್ದ.

1848ರಲ್ಲಿ ಯುರೋಪಿಗೆ ಬೆಂಕಿ ಬಿತ್ತು. ಕಿಂಕೆಲ್ ಪ್ರಜಾಪ್ರಭುತ್ವವಾದಿಗಳ ಜೊತೆ ಸೇರಿದ, ಕುಶಲಕರ್ಮಿಗಳ ಸಂಘ ಕಟ್ಟಿದ, ಪತ್ರಿಕೆ ನಡೆಸಿದ. 1849ರ ಫೆಬ್ರುವರಿಯಲ್ಲಿ ಪ್ರಷ್ಯದ ಶಾಸನಸಭೆಗೆ ಗೆದ್ದು ಬರ್ಲಿನ್‌ಗೆ ಹೋದ. ಆಗ ಬಾನ್‌ನಲ್ಲಿ ಪತ್ರಿಕೆಯ ಸಂಪಾದಕತ್ವ ನೋಡಿಕೊಂಡವಳು ಯೋಹಾನ್ನಾ. ಮನೆಯಲ್ಲಿ ನಾಲ್ಕು ಮಕ್ಕಳು ಬೇರೆ.

ಮೇ ತಿಂಗಳಲ್ಲಿ ಜೀಗ್‌ಬುರ್ಗ್‌ನ ಶಸ್ತ್ರಾಗಾರ ವಶಪಡಿಸಿಕೊಳ್ಳೋಕೆ ನೂರಿಪ್ಪತ್ತರಷ್ಟು ಜನ ರಾತ್ರಿ ಹೊರಟರು. ಕುದುರೆ ಸೈನಿಕರು ಬೆನ್ನಟ್ಟಿದರು, ಗುಂಪು ಚೆದುರಿತು, ಅಷ್ಟೇ. ಕಿಂಕೆಲ್ ದಕ್ಷಿಣಕ್ಕೆ ಹೋಗಿ ಬಾಡೆನ್ ದಂಗೆಯಲ್ಲಿ ಸಾಮಾನ್ಯ ಸೈನಿಕನಾಗಿ ಬಂದೂಕು ಹಿಡಿದ. ಜೂನ್ ಕೊನೆಯಲ್ಲಿ ತಲೆಗೆ ಪೆಟ್ಟಾಗಿ ಸೆರೆಸಿಕ್ಕ.

ಸೇನಾ ನ್ಯಾಯಾಲಯ ಕೊಟ್ಟಿದ್ದು ಕೋಟೆಯಲ್ಲಿ ಜೀವಾವಧಿ ಬಂಧನ. ಆ ಕಾಲದಲ್ಲಿ ಕೋಟೆ ಬಂಧನ ಅಂದರೆ ಮರ್ಯಾದಸ್ಥರ ಶಿಕ್ಷೆ. ರಾಜ ಇದರಲ್ಲಿ ಕೈಹಾಕಿ, ಕರುಣೆಯ ಹೆಸರಲ್ಲಿ, ಕಳ್ಳಕಾಕರನ್ನು ಇಡುವ ಜೈಲಿಗೆ ಕಳಿಸಿದ! ಪೊಮೆರೇನಿಯದ ನೌಗಾರ್ಡ್‌ನಲ್ಲಿ ಪ್ರೊಫೆಸರ್ ಕೈದಿ ಬಟ್ಟೆ ತೊಟ್ಟು ಉಣ್ಣೆ ನೂಲಿಗೆ ಕೂತ. ಈ ಚಿತ್ರ ಜರ್ಮನಿಯಾದ್ಯಂತ ಜನರ ಹೊಟ್ಟೆ ಉರಿಸಿತು. ಒಬ್ಬ ಸಾಧಾರಣ ಕ್ರಾಂತಿಕಾರಿಯನ್ನು ಹೀರೋ ಮಾಡಿದ್ದು ಸ್ವತಃ ಸರ್ಕಾರವೇ ಅನ್ನೋದು ನನ್ನ ಅಭಿಪ್ರಾಯ.

ಬಿಡಿಸಿಕೊಳ್ಳುವ ಕೆಲಸ ಹೊತ್ತವಳು ಯೋಹಾನ್ನಾ. ಬೆಂಬಲಿಗರಿಂದ ಹಣ ಕೂಡಿಸಿದಳು. ಕಿಂಕೆಲ್‌ನ ಶಿಷ್ಯ, 21 ವರ್ಷದ ಕಾರ್ಲ್ ಶುರ್ಟ್ಸ್ ಪ್ರಾಣ ಪಣಕ್ಕಿಟ್ಟು ಹೊರಟ. ಜೈಲಿನವರು ಓದುವ ಪತ್ರದಲ್ಲೇ ಆಕೆ ಗಂಡನಿಗೆ ಸುಳಿವು ಕೊಟ್ಟಳು. ಸಂಗೀತ ಶಾಸ್ತ್ರದ ಬಗ್ಗೆ ಉದ್ದುದ್ದ ಬರೆದು, ನಡುವೆ ಫ್ಯೂಗ್ ಎಂಬ ಪ್ರಕಾರವನ್ನು ಎತ್ತಿದಳು. ಆ ಪದದ ಲ್ಯಾಟಿನ್ ಮೂಲಕ್ಕೆ ಓಡಿಹೋಗುವುದು ಎಂಬ ಅರ್ಥವಿದೆ. ಅಧಿಕಾರಿಗಳಿಗೆ ತಿಳಿಯಲಿಲ್ಲ, ಗಂಡನಿಗೆ ತಿಳೀತು. ಶುರ್ಟ್ಸ್ ಜೈಲಿನ ಒಬ್ಬ ಕಾವಲುಗಾರನಿಗೆ ದುಡ್ಡು ಕೊಟ್ಟು ಒಪ್ಪಿಸಿದ. ಮೊದಲ ರಾತ್ರಿ ಕೀಲಿಕೈ ಸಿಗದೆ ಯೋಜನೆ ಕೈಕೊಟ್ಟಿತು. ಮರುರಾತ್ರಿ ಹಗ್ಗ. ರೋಸ್ಟಾಕ್ ಬಂದರಿನಿಂದ ಹಡಗು ಹತ್ತಿ ಇಬ್ಬರೂ ಬ್ರಿಟನ್ ಸೇರಿದರು.

ಲಂಡನ್ನಿನಲ್ಲಿ ಮಾರ್ಕ್ಸ್ ಮತ್ತು ಏಂಗೆಲ್ಸ್ ಅವನನ್ನು ಕಂಡರೆ ಉರಿದು ಬೀಳುತ್ತಿದ್ದರು. ರಾಸ್ಟಾಟ್‌ನಲ್ಲಿ ಸಂಗಾತಿಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದ ದಿನಗಳಲ್ಲಿ ಈತ ಕೋರ್ಟಿನಲ್ಲಿ ರಾಜಮನೆತನದ ಬಗ್ಗೆ ಮೆತ್ತಗೆ ಮಾತಾಡಿದ ಅನ್ನೋದು ಅವರ ದೂರು. 1852ರಲ್ಲಿ ದೇಶಭ್ರಷ್ಟ ನಾಯಕರನ್ನು ಗೇಲಿ ಮಾಡಿ ಬರೆದ ಪುಸ್ತಕದಲ್ಲಿ ಕಿಂಕೆಲ್‌ಗೇ ಸಿಂಹಪಾಲು. ದೂರಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸತ್ತೆ. ಆದರೆ ಗುಂಡೇಟಿನ ಭಯದಲ್ಲಿ ನಿಂತವನ ಮಾತನ್ನು ಮೇಜಿನ ಮುಂದೆ ಕೂತು ತೂಗೋದು ಸುಲಭ. ಅಮೆರಿಕ ಪ್ರವಾಸದ ಬಗ್ಗೆ ಮಾತ್ರ ನನಗೆ ಕನಿಕರವಿಲ್ಲ. ಮುಂದಿನ ಕ್ರಾಂತಿಗೆ 20 ಲಕ್ಷ ಡಾಲರ್ ಸಾಲ ಎತ್ತುತ್ತೇನೆ ಅಂತ ಹೋದ, ಚಪ್ಪಾಳೆ ಬೇಕಾದಷ್ಟು ಸಿಕ್ಕಿತು, ಹಣ ಗುರಿಯ ಹತ್ತಿರಕ್ಕೂ ಬರಲಿಲ್ಲ.

ಆತ ಊರೂರು ಸುತ್ತಿ ಭಾಷಣ ಮಾಡುತ್ತಿದ್ದಾಗ ಯೋಹಾನ್ನಾ ಲಂಡನ್ನಿನಲ್ಲಿ ಪಿಯಾನೊ, ಹಾಡು ಹೇಳಿಕೊಟ್ಟು ಮನೆ ನಡೆಸಿದಳು. ಸ್ವಂತ ರಚನೆಗೆ ಸಮಯ ಉಳಿಯಲಿಲ್ಲ. ಎದ್ದು ಕೂತು ಸಿಕ್ಕ ಬಿಡುವಿನಲ್ಲಿ ಒಂದು ಕಾದಂಬರಿ ಬರೆದಳು: ಕ್ರಾಂತಿ ಸೋತು ಲಂಡನ್ ಸೇರಿದ ಜರ್ಮನ್ ಸಂಗೀತಗಾರನೊಬ್ಬನ ಕುಟುಂಬದ ಕಥೆ. ಹೃದಯದ ಕಾಯಿಲೆ ಕಾಡುತ್ತಿತ್ತು. 1858ರ ನವೆಂಬರಿನಲ್ಲಿ ಮನೆಯ ಮಹಡಿ ಕಿಟಕಿಯಿಂದ ಬಿದ್ದು ತೀರಿಕೊಂಡಳು. ವಯಸ್ಸು 48. ಜಾರಿ ಬಿದ್ದಳೋ, ತಾನೇ ಹಾರಿದಳೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಕಾದಂಬರಿ ಅಚ್ಚಾಗಿದ್ದು 1860ರಲ್ಲಿ. ಅದೇ ವರ್ಷ ಕಿಂಕೆಲ್ ಇನ್ನೊಂದು ಮದುವೆಯಾದ.

ಅವನ ಬದುಕಿನ ಗಟ್ಟಿ ಕೆಲಸ ಶುರುವಾಗಿದ್ದು ಚಪ್ಪಾಳೆ ನಿಂತ ಮೇಲೆ. 1866ರಲ್ಲಿ ಜೂರಿಕ್‌ನ ಪಾಲಿಟೆಕ್ನಿಕ್ ಅವನನ್ನು ಕಲಾ ಇತಿಹಾಸ ಕಲಿಸಲು ಕರೆಯಿತು. ಎಂಜಿನಿಯರಿಂಗ್, ವಾಸ್ತುಶಿಲ್ಪ ಓದುವ ಹುಡುಗರಿಗೆ ಚಿತ್ರ ತೋರಿಸದೆ ಕಲೆ ಕಲಿಸೋದು ಹೇಗೆ? ಮರುವರ್ಷವೇ ಅಲ್ಲಿ ತಾಮ್ರದ ಹಲಗೆಯಿಂದ ಅಚ್ಚುಹಾಕಿದ ಚಿತ್ರಗಳ ಸಂಗ್ರಹ ಆರಂಭವಾಯಿತು, ಅದನ್ನು ಬೆಳೆಸುವ ಕೆಲಸಕ್ಕೆ ಆತ ನಿಂತ. ಜರ್ಮನಿಗೆ ಮರಳಿ ನೆಲೆಸಲಿಲ್ಲ, 1882ರಲ್ಲಿ ಜೂರಿಕ್‌ನಲ್ಲೇ ತೀರಿಕೊಂಡ. ಅಷ್ಟರಲ್ಲಿ ಹಗ್ಗ ಹಿಡಿದ ಶಿಷ್ಯ ಶುರ್ಟ್ಸ್ ಅಮೆರಿಕದಲ್ಲಿ ಸೆನೆಟರ್ ಆಗಿ, ಮಂತ್ರಿಯೂ ಆಗಿ ಕೆಳಗಿಳಿದಿದ್ದ. ಜೂರಿಕ್‌ನ ಸಂಗ್ರಹದಲ್ಲಿ ಡ್ಯೂರರ್, ರೆಂಬ್ರಾಂಟ್ ಅಚ್ಚುಚಿತ್ರಗಳನ್ನು ಈಗಲೂ ನೋಡಬಹುದು. ಯೋಹಾನ್ನಾಳ ಹಾಡುಗಳನ್ನು ಹುಡುಕಿ ತೆಗೆದು ಹಾಡುವವರೂ ಈಚೆಗೆ ಸಿಗುತ್ತಿದ್ದಾರೆ.